ಬೀದರಕ್ಕ ಹೀಟರ್ ಯಾಕ್ ಬೇಕ್ರಿ?

ವೈಜಿನಾಥ ಸಾವಕಾರರ ಕಾರು ಸುಟ್ಟ ಕಥೆಯನ್ನು ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಯಾವ ಚಹಾ ಅಂಗಡಿಯಲ್ಲಿ ಕೇಳಿದರೂ ಅದು ಒಂದೇ ರೀತಿ ಇರುತ್ತದೆ. ಡ್ರೈವರ್ ಮಾಣಿಕ ರೇಡಿಯೇಟರಿನಲ್ಲಿ ನೀರು ನೋಡಲಿಲ್ಲ, ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋದರೂ ಗಮನಿಸಲಿಲ್ಲ, ಔರಾದ ರಸ್ತೆಯಲ್ಲಿ ಬಂಗಾರದಂಥ ಗಾಡಿಯ ಇಂಜಿನ್ನನ್ನು ಸುಟ್ಟು ಕೂತ. ಇಷ್ಟೇ ಕಥೆ. ಹೇಳುವವರಲ್ಲಿ ಒಬ್ಬರೂ ಆ ಗಾಡಿಯ ಬಾನೆಟ್ ಎತ್ತಿ ನೋಡಿದವರಲ್ಲ. ಊರೆಲ್ಲ ಒಂದೇ ಬಾಯಲ್ಲಿ ಹೇಳುವ ಕಥೆ ಎಂದರೆ ನನಗೆ ಮೊದಲಿನಿಂದಲೂ ಅನುಮಾನ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದದ್ದು ದನಿಯಿಂದಲ್ಲ. ಎದುರಿನವರು ಯಾವ ಮಾತನ್ನು ಪರೀಕ್ಷಿಸದೆ ನಂಬಿದ್ದಾರೋ ಅದನ್ನೇ ಹುಡುಕಿ ಬೆರಳಿಡುತ್ತಿದ್ದೆ.

ಕಳೆದ ತಿಂಗಳು ಅದೇ ಕಥೆಯನ್ನು ನಾನು ಈಗ ಪಾಠ ಹೇಳುವ ಐಟಿಐಯ ವೇದಿಕೆಯ ಮೇಲೆ, ಸ್ವತಃ ಸಾವಕಾರರ ಬಾಯಿಂದಲೇ ಕೇಳಿದೆ. ಗಂಜಿನಲ್ಲಿ ತೊಗರಿಬೇಳೆಯ ದೊಡ್ಡ ವ್ಯಾಪಾರ ಅವರದು. ಅವತ್ತಿನ ಮುಖ್ಯ ಅತಿಥಿಗಳು.

"ಮಕ್ಕಳೇ, ಕೆಲಸದಾಗ ಲಕ್ಷ್ಯ ಇರಬೇಕು. ಒಬ್ಬ ಡ್ರೈವರ ಲಕ್ಷ್ಯ ಕೊಡಲಿಲ್ಲ, ನನ್ನ ಗಾಡಿ ಹೆಣ ಆತು," ಎಂದರು. ಮಕ್ಕಳು ಚಪ್ಪಾಳೆ ಹೊಡೆದರು. ವಂದನಾರ್ಪಣೆ ನನ್ನ ಪಾಲಿಗಿತ್ತು. ಅದು ಹೇಗಾಯಿತು ಎಂದು ಕೊನೆಗೆ ಹೇಳುತ್ತೇನೆ. ಅದಕ್ಕೂ ಮೊದಲು ಗ್ಯಾರೇಜಿನ ಕೆಲಸ ನಿಜಕ್ಕೂ ಹೇಗಿರುತ್ತದೆ ಎಂದು ಹೇಳಬೇಕು. ಚಪ್ಪಾಳೆ ಹೊಡೆದವರು ನಾಳೆ ಅದೇ ಕೆಲಸಕ್ಕೆ ಹೋಗುವವರು.

ನಾನು ಭಾಲ್ಕಿಯವಳು. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಬೀದರಿನ ಸಿದ್ರಾಮ ಉಸ್ತಾದರ ಗ್ಯಾರೇಜಿಗೆ ಸೇರಿದೆ. ವರ್ಷಗಟ್ಟಲೆ ಬಾನೆಟ್ಟಿನೊಳಗೆ ಬಾಗಿ ಬಾಗಿ ನಡು ಹೋಯಿತು. ಇನ್ನು ಬಾಗಬೇಡ ಎಂದರು ಡಾಕ್ಟರು. ಮೂವತ್ತೈದು ತುಂಬುವ ಮೊದಲೇ ನಿವೃತ್ತಿ. ಅನುಭವ ಬರೆಯಲು ಕೂದಲು ಬೆಳ್ಳಗಾಗಿರಬೇಕು ಎನ್ನುವವರಿಗೆ ನನ್ನ ಬೆನ್ನಿನ ಎಕ್ಸ್‌ರೇ ತೋರಿಸುತ್ತೇನೆ. ಬಡ್ತಿಯ ವಿಷಯ ಮಾತ್ರ ಕೇಳಬೇಡಿ. ಗ್ಯಾರೇಜಿನಲ್ಲಿ ಬಡ್ತಿ ಎಂದರೆ ಮೊಣಕೈವರೆಗೆ ಇದ್ದ ಗ್ರೀಸು ಮಣಿಕಟ್ಟಿಗೆ ಇಳಿಯುವುದು, ಅಷ್ಟೇ.

ಉಸ್ತಾದರು ನನ್ನನ್ನು ಹೆಸರು ಹಿಡಿದು ಕರೆದದ್ದು ಮೊದಲ ವಾರ ಮಾತ್ರ. ಆಮೇಲೆ ನಾನು 'ವಕೀಲಬಾಯಿ' ಆದೆ. ಅವರು ಏನು ಹೇಳಿದರೂ ನಾನು "ಯಾಕ್ರಿ?" ಎನ್ನುತ್ತಿದ್ದದ್ದೇ ಕಾರಣ. ಗ್ಯಾರೇಜಿನಲ್ಲಿ "ಯಾಕ" ಎನ್ನುವುದು ಕೆಟ್ಟ ಪದ. "ಹೌದ್ರಿ ಉಸ್ತಾದ" ಎನ್ನುವವರಿಗೆ ಅಲ್ಲಿ ಪಾನಾ, ಅಂದರೆ ಸ್ಪ್ಯಾನರ್, ಹಿಡಿಯಲು ಬಾರದಿದ್ದರೂ ನಡೆಯುತ್ತದೆ.

ಉಸ್ತಾದರ ಕೈ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಇಂಜಿನ್ನಿನ ಸದ್ದು ಕೇಳಿಯೇ ಯಾವ ವಾಲ್ವು ಅಳುತ್ತಿದೆ ಎನ್ನುತ್ತಿದ್ದರು. ಹೆಚ್ಚಿನ ಸಲ ಸರಿಯಾಗಿಯೇ ಇರುತ್ತಿತ್ತು. ಅವರ ಸಿದ್ಧಾಂತಗಳದ್ದೇ ತೊಂದರೆ. ಅದರಲ್ಲಿ ಮೊದಲನೆಯದು, ನಮ್ಮದು ಬಿಸಿಲುನಾಡು, ಆದ್ದರಿಂದ ಗಾಡಿಗೆ ಹೀಟರ್ ಬೇಡ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಂಜಿನ್ನನ್ನು ತಂಪಾಗಿಡುವ ದ್ರವ ಕೂಲಂಟ್. ಅದು ಮುಂದಿನ ರೇಡಿಯೇಟರಿಗೆ ಎರಡು ದಪ್ಪ ರಬ್ಬರ್ ಪೈಪುಗಳಲ್ಲಿ ಹೋಗಿ ಬರುತ್ತದೆ. ಬೆರಳಿನಷ್ಟು ದಪ್ಪದ ಇನ್ನೆರಡು ಪೈಪು ಇಂಜಿನ್ನಿನ ಹಿಂದೆ, ಕೈ ಹೋಗದ ಸಂದಿಯಲ್ಲಿರುತ್ತವೆ. ಅವು ಬಿಸಿ ಕೂಲಂಟನ್ನು ಡ್ಯಾಶ್‌ಬೋರ್ಡಿನ ಒಳಗಿನ ಸಣ್ಣ ಜಾಲರಿಗೆ ಒಯ್ದು ಮರಳಿ ತರುತ್ತವೆ. ಚಳಿಗಾಲದಲ್ಲಿ ಕಾರಿನೊಳಗೆ ಬೆಚ್ಚನೆ ಗಾಳಿ ಬರುವುದು ಹಾಗೆ. ಉಸ್ತಾದರ ಕೈಗೆ ಬಂದ ಯಾವ ಗಾಡಿಯಲ್ಲೂ ಈ ಹಿಂದಿನ ಜೋಡಿ ಬದುಕುತ್ತಿರಲಿಲ್ಲ. ಎರಡನ್ನೂ ಕಿತ್ತು, ಇಂಜಿನ್ನಿನ ಎರಡು ಬಾಯಿಗಳನ್ನು ಒಂದು ತುಂಡು ಪೈಪಿನಿಂದ ಒಂದಕ್ಕೊಂದು ಜೋಡಿಸಿ "ಹೀಟರ್ ಬಂದ್" ಎನ್ನುತ್ತಿದ್ದರು. ಗಂಜಿನ ಮಂದಿಗೆ ಇದು ಎಷ್ಟು ಒಗ್ಗಿಹೋಗಿತ್ತೆಂದರೆ, ಹೊಸ ಗಾಡಿ ಕೊಂಡವರು ಪೂಜೆ ಮಾಡಿಸಿದ ಮೇಲೆ ನೇರವಾಗಿ ಇಲ್ಲಿಗೆ ಬಂದು ಹೀಟರ್ ಬಂದ್ ಮಾಡಿಸಿಕೊಂಡು ಹೋಗುತ್ತಿದ್ದರು.

"ಬೀದರದಾಗ ಬಿಸಿಲ ಕಮ್ಮಿ ಬಿದ್ದದೇನ, ಗಾಡಿ ಒಳಗ ಒಲಿ ಹಚ್ಚಲಾಕ?" ಇದು ಅವರ ವಾದ.

"ಉಸ್ತಾದರ, ಜನವರಿಯಾಗ ನೀವೇ ಟೊಪ್ಪಿಗಿ, ಮಫ್ಲರ್, ಮ್ಯಾಲ ಎರಡು ಸ್ವೆಟರ್ ಹಾಕ್ಕೊಂಡು ಬರ್ತೀರಿ. ಚಳಿನೇ ಇಲ್ಲಂದ್ರ ಅವು ಯಾಕ್ರಿ?"

"ಅದು ಮನಷ್ಯಾಗ. ಗಾಡಿಗಿ ಯಾಕ ಬೇಕ?"

"ಗಾಡಿ ಒಳಗ ಕೂಡಾವ ಮನಷ್ಯಾನೇ ಅಲ್ಲೇನ್ರಿ?"

"ವಕೀಲಬಾಯಿ, ನೀ ಕೋರ್ಟಿಗಿ ಹೋಗು. ಇಲ್ಲಿ ಆ ಸ್ಕ್ರೂಡ್ರೈವರ್ ಕೊಡು."

ವಾದದಲ್ಲಿ ನಾನು ಗೆದ್ದೆ, ಸ್ಕ್ರೂಡ್ರೈವರ್ ನಾನೇ ಕೊಟ್ಟೆ. ಕೆಲಸಕ್ಕೆ ಸೇರುವ ಮಕ್ಕಳು ಈ ಎರಡೂ ಒಟ್ಟಿಗೆ ನಡೆಯುತ್ತವೆ ಎಂದು ತಿಳಿದಿರುವುದು ಒಳ್ಳೆಯದು.

ಇಂಥದ್ದರಲ್ಲಿ ಸಾವಕಾರರ ಕಾರು ಬಂತು. ಹೈದರಾಬಾದಿನಲ್ಲಿ ಯಾರೋ ದೊಡ್ಡವರು ಇಟ್ಟುಕೊಂಡಿದ್ದ ಹಳೆಯ ಜರ್ಮನ್ ಗಾಡಿ. ನೇರಳೆಹಣ್ಣಿನ ಬಣ್ಣ, ಒಳಗೆ ಮರದ ಪಟ್ಟಿ, ಸೋಫಾದಂಥ ಸೀಟು. ಬಾಗಿಲು ಹಾಕಿದರೆ ಬ್ಯಾಂಕಿನ ತಿಜೋರಿ ಹಾಕಿದ ಸದ್ದು. ಗಂಜಿನ ಹಮಾಲರು ಕೈಗಾಡಿ ಬಿಟ್ಟು ನೋಡಲು ಬಂದರು. ಮಗಳ ನಿಶ್ಚಿತಾರ್ಥಕ್ಕೆ ಔರಾದಿಗೆ ಇದರಲ್ಲೇ ಹೋಗುವುದು ಎಂದು ಸಾವಕಾರರು ಆಗಲೇ ಎಲ್ಲರಿಗೂ ಹೇಳಿಯಾಗಿತ್ತು. ಬೀಗರ ಮನೆಯವರೂ ಸಾಮಾನ್ಯರಲ್ಲ. ಅವರ ಅಂಗಳದಲ್ಲಿ ಇಂಥದ್ದೊಂದು ನಿಲ್ಲಬೇಕಿತ್ತು.

ಡ್ರೈವರ್ ಮಾಣಿಕ ಸಂತಪುರದವನು. ಮನೆಯಲ್ಲಿ ಕುರಿ, ಒಂದಿಷ್ಟು ಖುಷ್ಕಿ ಹೊಲ. ಸ್ಟೇರಿಂಗ್ ಹಿಡಿದರೆ ಗಾಡಿ ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು. ಬಾಯಿ ತೆರೆದರೆ ಸುಳ್ಳು. ಒಬ್ಬ ನವಾಬನ ಮೊಮ್ಮಗನಿಗೆ ತಾನೇ ಡ್ರೈವಿಂಗ್ ಕಲಿಸಿದ್ದೆ ಎನ್ನುತ್ತಿದ್ದ. ಬೀದರ ಕೋಟೆಯ ದರವಾಜದೊಳಗೆ ಕಣ್ಣು ಮುಚ್ಚಿ ರಿವರ್ಸ್ ಹೋಗಿದ್ದೆ ಎನ್ನುತ್ತಿದ್ದ. "ಕಣ್ಣ ಮುಚ್ಚಿದ್ಯೋ, ಕನ್ನಡಿ ಮುಚ್ಚಿದ್ಯೋ?" ಎಂದು ಕೇಳಿದರೆ, "ಎರಡೂ ಮುಚ್ಚೀನ್ರಿ ಅಕ್ಕೋರ, ಸುಳ್ಳ ಯಾಕ ಹೇಳ್ಲಿ," ಎನ್ನುವನು.

ಗಾಡಿಯ ಪೈಪುಗಳನ್ನು ನಾನು ಒಂದೊಂದಾಗಿ ಹಿಂಡಿ ನೋಡಿದೆ. ಇದನ್ನು ಮಕ್ಕಳು ಕಲಿಯಬೇಕು: ಪೈಪನ್ನು ಕಣ್ಣಿನಿಂದ ನೋಡುವುದಲ್ಲ, ಇಂಜಿನ್ ತಣ್ಣಗಿದ್ದಾಗ ಬೆರಳಿನಿಂದ ಹಿಂಡುವುದು. ಹಪ್ಪಳ ಮುರಿದ ಸದ್ದು ಬಂದರೆ ಒಳಗೆ ಬಿರಿದಿದೆ. ಕಳಿತ ಬಾಳೆಹಣ್ಣಿನಂತೆ ಮೆತ್ತಗಾದರೆ ಎಣ್ಣೆ ಕುಡಿದಿದೆ. ಎರಡಕ್ಕೂ ಔಷಧ ಇಲ್ಲ, ಬದಲಿಸಬೇಕು. ಹಳೆಯದನ್ನು ಇಕ್ಕಳದಿಂದ ಹಿಡಿದು ಎಳೆಯಬೇಡಿ. ಪೈಪಿನ ಬದಲು ರೇಡಿಯೇಟರಿನ ಕೊರಳು ಕೈಗೆ ಬರುತ್ತದೆ. ಚಾಕುವಿನಿಂದ ಉದ್ದಕ್ಕೆ ಸೀಳಿ, ಸಿಪ್ಪೆ ಸುಲಿದಂತೆ ತೆಗೆಯಿರಿ. ಕೂಲಂಟ್ ತುಂಬುವಾಗ ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿಡಿ, ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿಬೀಳುತ್ತದೆ. ಈ ಕೊನೆಯ ಮಾತನ್ನು ಉಸ್ತಾದರ ಎದುರು ಹೇಳಿದ ದಿನ ಗ್ಯಾರೇಜೆಲ್ಲ ನಕ್ಕಿತ್ತು.

ಆ ಗಾಡಿಯ ಪೈಪುಗಳೆಲ್ಲ ಹಪ್ಪಳವಾಗಿದ್ದವು. ಮುಂದಿನ ದಪ್ಪ ಜೋಡಿ, ಹಿಂದಿನ ಹೀಟರ್ ಜೋಡಿ ನಾಲ್ಕನ್ನೂ ಹೈದರಾಬಾದಿನಿಂದ ತರಿಸಿದೆ. ಅವು ಬಂದ ದಿನವೇ ಉಸ್ತಾದರು ನನ್ನನ್ನು ಭಾಲ್ಕಿಗೆ ಓಡಿಸಿದರು. ಅಲ್ಲಿ ಮದುವೆ ಬ್ಯಾಂಡಿನ ಮಾಲೀಕರೊಬ್ಬರ ಜೀಪು ನಿಂತುಬಿಟ್ಟಿತ್ತು.

ಹೋಗಿ ರೇಡಿಯೇಟರಿನ ಮುಚ್ಚಳ ತೆಗೆದರೆ ಒಳಗೆ ಹಳದಿ ಕೆಸರು. ರೇಡಿಯೇಟರ್ ಸೋರಿದರೆ ಚಿಟಿಕೆ ಅರಿಶಿನ ಹಾಕುವುದು ನಮ್ಮ ಕಡೆಯ ಹಳೆಯ ಉಪಾಯ. ಊರು ಮುಟ್ಟುವವರೆಗೆ ಅದು ಕೆಲಸ ಮಾಡುವುದೂ ಉಂಟು. ಬ್ಯಾಂಡಿನ ಕಾಕಾ ಅಷ್ಟಕ್ಕೇ ನಿಂತಿರಲಿಲ್ಲ.

"ಚಿಟಿಕಿ ಹಾಕಿದ್ರ ಒಂದಿನ ನಿಂತದ. ಪಾಕೀಟ ಹಾಕಿದ್ರ ಜನ್ಮದಾಗ ಸೋರಲ್ಲ, ಲೆಕ್ಕ ಬರೋಬರಿ ಅದನೋ ಇಲ್ಲೋ?"

"ಲೆಕ್ಕ ಬರೋಬರಿ ಅದ ಕಾಕಾ. ಈಗ ಸೋರೋದೂ ಇಲ್ಲ, ಹರಿಯೋದೂ ಇಲ್ಲ."

"ಮತ್ತ ತಪ್ಪೆಲ್ಲದ?"

ತಪ್ಪು ಎಲ್ಲಿದೆ ಎಂದು ತೋರಿಸಲು ಸಂಜೆಯವರೆಗೆ ಅರಿಶಿನ ತೊಳೆದೆ. ಬೀದರಿಗೆ ಮರಳುವಷ್ಟರಲ್ಲಿ ಸಾವಕಾರರ ಗಾಡಿ ಗ್ಯಾರೇಜಿನಲ್ಲಿರಲಿಲ್ಲ. ಮರುದಿನವೇ ನಿಶ್ಚಿತಾರ್ಥ, ಹೂವು ಕಟ್ಟಿಸಲು ಒಯ್ದಾಗಿತ್ತು.

"ಹಿಂದಿನ ಪೈಪೂ ಹಾಕಿದ್ರೇನ್ರಿ?" ಎಂದೆ.

"ಎಲ್ಲಾ ಆಗ್ಯಾದ. ನೀ ಮೊದ್ಲ ಕೈ ತೊಳಿ, ಅರಶಿಣ ಕಾರ್ಯದಾಗಿಂದ ಎದ್ದು ಬಂದಂಗ ಕಾಣ್ಲಾಕತ್ತಿ," ಎಂದರು ಉಸ್ತಾದರು.

ಮರುದಿನ ಮಧ್ಯಾಹ್ನ ಗಾಡಿ ಬಂತು, ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು, ಬಾಡಿದ ಚೆಂಡುಹೂವಿನ ಮಾಲೆ ಹಾಕಿಕೊಂಡೇ. ಸಂತಪುರ ದಾಟಿ, ಔರಾದಿಗೆ ಇನ್ನೂ ದೂರವಿರುವಾಗ ಇಂಜಿನ್ ಒಳಗೇ ಸುಟ್ಟು ಹಿಡಿದುಕೊಂಡುಬಿಟ್ಟಿತ್ತು. ಬೀಗರ ಅಂಗಳಕ್ಕೆ ಸಾವಕಾರರು ಮಗಳ ಜೊತೆ ಹಿಂದೆ ಬರುತ್ತಿದ್ದ ನೆಂಟರ ಟೆಂಪೋದಲ್ಲಿ, ಹಣ್ಣಿನ ಬುಟ್ಟಿಗಳ ನಡುವೆ ಕೂತು ಹೋಗಿ ಇಳಿದಿದ್ದರು. ಅಲ್ಲಿ ಎಲ್ಲರೂ ಏನಾಯಿತೆಂದು ಕೇಳಿದಾಗ ಅವರ ಉತ್ತರ ಸಿದ್ಧವಿತ್ತು: "ಡ್ರೈವರ ನೀರ ನೋಡಿಲ್ಲ." ಮಾಣಿಕನನ್ನು ಕೆಲಸದಿಂದ ತೆಗೆದೆ ಎಂದೂ ಎರಡೂ ಮನೆಯವರ ಎದುರೇ ಸಾರಿದರು.

ಟ್ರ್ಯಾಕ್ಟರಿನ ಮೇಲೆ ಕೂತು ಬಂದಿದ್ದ ಮಾಣಿಕ ಇಳಿದವನೇ ನನ್ನ ಬಳಿ ಬಂದ.

"ಅಕ್ಕೋರ, ಮುಳ್ಳು ಕೆಳಗೇ ಇತ್ರಿ. ಒಂದ್ ಜರಾ ಮ್ಯಾಲ ಹೋತು, ಆಮ್ಯಾಲ ಪೂರಾ ಕೆಳಗ ಬಿತ್ತು. ದೇವರಾಣಿ. ಸಂತಪುರ ದಾಟಾಗ ಸಿಹಿ ವಾಸನಿ ಬಂತು. ನಾ ಕೇಳ್ದ, ಸಾವಕಾರ್ರ, ಗಾಡಿ ನಿಲ್ಸಲೇನ್ರಿ ಅಂತ. ಅವ್ರು ಅಂದ್ರು, ಹಿಂದ ಬಾಲೂಶಾ ಮಿಠಾಯಿ ಡಬ್ಬಿ ಅದ, ಅದರ ವಾಸನಿ ಅದು, ನೀ ನಡಿ ಅಂತ."

ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂಜಿನ್ ಸುಡುತ್ತಿರುವಾಗ ಮುಳ್ಳು ಕೆಳಗೆ ಬೀಳುತ್ತದಂತೆ! "ಕಣ್ಣ ಮುಚ್ಕೊಂಡ ಹೊಡೀಲಾಕತ್ತಿದ್ದೇನಲೇ, ಕೋಟಿ ದರವಾಜ ಅಂತ ತಿಳದು?" ಎಂದರು ಉಸ್ತಾದರು. ಮಾಣಿಕನ ಗ್ರಹಚಾರವೇ ಅದು. ವರ್ಷಗಟ್ಟಲೆ ಆಡಿದ ಸುಳ್ಳಿಗೆ ಊರು ತಲೆದೂಗಿತ್ತು. ಒಂದು ದಿನ ನಿಜ ಹೇಳಿದ, ನಗೆಪಾಟಲಾದ.

ಆ ನಗುವಿನಲ್ಲಿ ನಾನೂ ಸೇರುತ್ತಿದ್ದೆನೇನೋ. ಆದರೆ ಯಾರೂ ಬಾನೆಟ್ ಎತ್ತದೆಯೇ ತೀರ್ಪು ಕೊಟ್ಟಿದ್ದರಲ್ಲ, ಅದು ನನಗೆ ತಡೆಯಲಿಲ್ಲ. ಎತ್ತಿದೆ. ಮುಂದಿನ ದಪ್ಪ ಪೈಪುಗಳು ಹೊಸವು, ಮಿರಿಮಿರಿ ಮಿಂಚುತ್ತಿದ್ದವು. ಸಾವಕಾರರು ಬಾನೆಟ್ ಎತ್ತಿದ್ದರೂ ಕಾಣುತ್ತಿದ್ದದ್ದು ಅವಷ್ಟೇ. ಟಾರ್ಚ್ ಹಿಡಿದು ಹಿಂದಿನ ಸಂದಿಗೆ ಇಣುಕಿದರೆ, ಇಂಜಿನ್ನಿನ ಆ ಎರಡು ಬಾಯಿಗಳ ನಡುವೆ ನೀಲಿ ಬಣ್ಣದ್ದೊಂದು ತುಂಡು ಬಾತುಕೊಂಡು, ಮೀನಿನ ಬಾಯಿಯಂತೆ ಸೀಳಿತ್ತು. ಅದು ರಬ್ಬರೇ ಅಲ್ಲ. ತೊಗರಿಗೆ ಕೀಟನಾಶಕ ಹೊಡೆಯುವ ಪಂಪಿನ ಪ್ಲಾಸ್ಟಿಕ್ ಪೈಪು.

"ಉಸ್ತಾದರ, ಇದೇನ್ರಿ?"

ಅವರು ಮುಚ್ಚಿಡಲಿಲ್ಲ, ಅದನ್ನು ಹೇಳಲೇಬೇಕು. "ಹೀಟರ್ ಬಂದ್ ಮಾಡೀನಿ. ಬೆಳಿಗಿ ಎಣ್ಣಿ ಹೊಡಿಯೋ ಪೈಪ್ ಅದು, ಎಷ್ಟ ಪ್ರೆಶರ್ ತಡೀತದ ಗೊತ್ತದೇನ್ ನಿನಗ?"

"ಪ್ರೆಶರ್ ತಡೀತದ. ಬಿಸಿ ತಡೀತದೇನ್ರಿ? ಹೊಲದಾಗ ಕುದಿಯೋ ನೀರ ಹೊಡೀತಾರೇನು? ಮತ್ತ ನಾ ತರಿಸಿದ್ದ ಹೊಸ ಹೀಟರ್ ಪೈಪು ಎಲ್ಲವ?"

ಉಸ್ತಾದರು ಮೂಲೆಯ ಕಡೆ ಗದ್ದ ತೋರಿಸಿದರು. ಅಲ್ಲಿ ಅವರ ಖುರ್ಚಿಗೆ ಗಾಳಿ ಬೀಸುವ ಏರ್ ಕೂಲರ್ ಇತ್ತು. ಅದಕ್ಕೆ ನೀರು ಹರಿಸುತ್ತಿದ್ದದ್ದು ಜರ್ಮನ್ ಗಾಡಿಗೆಂದೇ ಅಚ್ಚು ಹಾಕಿ ಮಾಡಿದ, ಎಸ್ಸಿನಂತೆ ಬಾಗಿದ ಹೊಚ್ಚಹೊಸ ಹೀಟರ್ ಪೈಪು. "ಉಳದಿದ್ದು ಹಚ್ಚೀನಿ. ಬೀದರಕ್ಕ ಹೀಟರ್ ಯಾಕ್ ಬೇಕ್ರಿ?" ಎಂದರು. ಕೂಲರ್ ಮಾತ್ರ ತಣ್ಣಗೆ ಗಾಳಿ ಬೀಸುತ್ತಿತ್ತು.

ಪೈಪಿನ ವಿಷಯ ಸಾವಕಾರರಿಗೆ ತಿಳಿಸಿದೆ. ಅವರು ಪಟ್ಟು ಬಿಡಲಿಲ್ಲ. ಪೈಪು ಒಡೆದರೆ ಒಡೆಯಲಿ, ಮುಳ್ಳು ಮೇಲೆ ಹೋದ ಕೂಡಲೇ ಡ್ರೈವರ್ ಗಾಡಿ ನಿಲ್ಲಿಸಬೇಕಿತ್ತು, ಇವನು ಮುಳ್ಳು ನೋಡಿಲ್ಲ, ನೋಡಿಲ್ಲದ್ದಕ್ಕೆ ಕೆಳಗಿತ್ತೆಂದು ಸುಳ್ಳು ಕಟ್ಟಿದ್ದಾನೆ ಎಂದರು. ವಾದ ಗಟ್ಟಿಯೇ ಇತ್ತು. ಹಾಗಾದರೆ ಮುಳ್ಳಿನ ಮಾತನ್ನೇ ಪರೀಕ್ಷಿಸೋಣ, ಬನ್ನಿ ಎಂದೆ. ತಮ್ಮ ಕಡೆಯ ನಾಲ್ಕು ಮಂದಿಯನ್ನು ಕರೆದುಕೊಂಡೇ ಬಂದರು. ಮಾಣಿಕನೂ ಬಂದು ಬಾಗಿಲ ಬಳಿ ನಿಂತ. ಆ ಹೊತ್ತಿಗೆ ಬೀದರಿನಲ್ಲಿ ಅವನಿಗೆ ಸ್ಟೇರಿಂಗ್ ಕೊಡುವವರೇ ಇರಲಿಲ್ಲ. ಶಾಲೆಯ ವ್ಯಾನಿನ ಕೆಲಸ ಕೇಳಲು ಹೋದರೆ, "ಕಾರ ಸುಟ್ಟಾವ ನೀನೇ ಏನು?" ಎಂದು ಗೇಟಿನಿಂದಲೇ ಕಳಿಸಿದ್ದರು.

ಸ್ಟ್ಯಾಂಡಿನ ಮೇಲೆ ಗುಜರಿಗೆ ಹೋಗಬೇಕಿದ್ದ ಒಂದು ಹಳೆಯ ಇಂಜಿನ್ ಇತ್ತು. ಅದಕ್ಕೆ ಸಾವಕಾರರ ಗಾಡಿಗೆ ಹಾಕಿದ್ದಂಥ ಕೂಲಂಟನ್ನೇ ತುಂಬಿ, ಮುಳ್ಳಿನ ಡಬ್ಬಿ ಜೋಡಿಸಿ ಚಾಲು ಮಾಡಿದೆ. ಬಿಸಿಯಾಯಿತು, ಮುಳ್ಳು ನಡುವೆ ಬಂದು ನಿಂತಿತು. ಆಗ ಕೆಳಗಿನ ನಳ ತೆರೆದೆ. ಕೂಲಂಟ್ ಹೊಗೆಯಾಡುತ್ತ ತಟ್ಟೆಗೆ ಸುರಿಯತೊಡಗಿತು. ಮುಳ್ಳು ಸ್ವಲ್ಪ ಮೇಲೇರಿತು.

"ನೋಡಿದಿ? ಏರ್ಲಾಕತ್ತದ," ಎಂದರು ಸಾವಕಾರರು.

"ಇನ್ನೊಂದ್ ಜರಾ ನೋಡ್ರಿ," ಎಂದೆ.

ಏರಿದ ಮುಳ್ಳು ತಡವರಿಸಿತು, ಆಮೇಲೆ ನಿಧಾನಕ್ಕೆ ಇಳಿಯುತ್ತ ಇಳಿಯುತ್ತ ತಣ್ಣಗಿನ ಗೆರೆಯ ಕಡೆ ಮಲಗಿತು. ಇಂಜಿನ್ ಮಾತ್ರ ಹಂಚಿನಂತೆ ಕಾದಿತ್ತು. ಇದರಲ್ಲಿ ಮಾಟ ಏನೂ ಇಲ್ಲ. ಬಿಸಿ ಅಳೆಯುವ ಮೊನೆ ಅಳೆಯುವುದು ತನ್ನನ್ನು ಮುಟ್ಟಿದ ದ್ರವವನ್ನು. ದ್ರವವೇ ಖಾಲಿಯಾದರೆ ಅದು ಗಾಳಿಯನ್ನು ಅಳೆಯುತ್ತದೆ. ಇಂಜಿನ್ ಸಾಯುತ್ತಿರುವಾಗಲೇ ಎಲ್ಲ ಕ್ಷೇಮ ಎನ್ನುತ್ತದೆ. ನಾನು ಉಸ್ತಾದರ ಮುಖ ನೋಡಿದೆ. ಅವರು ಈ ಸಲ ನಗಲಿಲ್ಲ. "ಇಷ್ಟ ವರ್ಷಕ್ಕ ಮೊದ್ಲನೇ ಸಲ ನೋಡ್ಲಾಕತ್ತೀನಿ," ಎಂದರು, ಮುಳ್ಳಿನ ಡಬ್ಬಿಯನ್ನು ಬೆರಳಿನಿಂದ ತಟ್ಟುತ್ತ.

ಆ ಹೊತ್ತಿಗೆ ಗ್ಯಾರೇಜೆಲ್ಲ ಕಾದ ಕೂಲಂಟಿನ ವಾಸನೆ ತುಂಬಿತ್ತು. ಅದು ಸಿಹಿ ವಾಸನೆ, ಪಾಕ ಸೀದಂತೆ. ಸಾವಕಾರರು ಮೂಗು ಅರಳಿಸಿದರು.

"ಅರೆ, ಇದೇ ವಾಸನಿ! ನಾ ಬಾಲೂಶಾದ್ದು ಅಂತ..." ಎಂದವರು ಅಲ್ಲಿಗೇ ಮಾತು ನುಂಗಿದರು.

ಬಾಗಿಲಲ್ಲಿದ್ದ ಮಾಣಿಕ ತಲೆ ಎತ್ತಿದ. ಸಾವಕಾರರ ಜೊತೆ ಬಂದ ನಾಲ್ವರೂ ಏಕಕಾಲಕ್ಕೆ ಬೇರೆ ಬೇರೆ ಕಡೆ ನೋಡಿದರು. ಅಷ್ಟು ಚೆಂದವಾಗಿ ಬೇರೆ ಕಡೆ ನೋಡುವುದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

"ಮಾಣಿಕನ ಮಾತು ಖರೇ ಆತಲ್ರಿ," ಎಂದೆ. "ಕೆಲಸಕ್ಕ ತಗೊಳ್ರಿ."

ಸಾವಕಾರರು ಎದ್ದು ಧೋತರದ ಚುಂಗು ಸರಿಮಾಡಿಕೊಂಡರು. "ನೋಡವ್ವ, ಮುಳ್ಳಿಂದು ಖರೇ ಇರಬೌದು. ಆದ್ರ ಬೀಗರ ಮುಂದ ನಾ ಒಂದ್ ಮಾತ ಹೇಳಿಬಿಟ್ಟೀನಿ. ಈಗ ಇವನ್ನ ಮತ್ತ ಕೂಡಿಸಿಕೊಂಡು ಔರಾದಕ್ಕ ಹೋದ್ರ ಮಂದಿ ಏನ್ ಅಂತಾರ? ವೈಜಿನಾಥ ಸುಳ್ಳ ಹೇಳ್ಯಾನ ಅಂತಾರ."

"ಈಗ ಮಾಣಿಕ ಸುಳ್ಳ ಹೇಳ್ಯಾನ ಅಂತಾರಲ್ರಿ?"

"ಅವನಿಗಿ ರೂಢಿ ಅದ," ಎಂದು ಹೊರಟೇಹೋದರು.

ವಾದದಲ್ಲಿ ಮತ್ತೆ ಗೆದ್ದಿದ್ದೆ. ಮಾಣಿಕ ಮರುದಿನ ಸಂತಪುರದ ಬಸ್ಸು ಹತ್ತಿದ. ಈಗ ಅಣ್ಣನ ಕುರಿ ಕಾಯುತ್ತಾನೆ. ಸಿಕ್ಕಾಗ, "ಅಕ್ಕೋರ, ಕುರಿಗಿ ಮುಳ್ಳು ಇರಲ್ರಿ, ಅದೊಂದ ಚಲೋ," ಎನ್ನುತ್ತಾನೆ. ಈಗ ಯಾವ ನವಾಬನ ಸುದ್ದಿಯನ್ನೂ ಎತ್ತುವುದಿಲ್ಲ. ಅವನ ಆ ಸುಳ್ಳುಗಳಿಲ್ಲದೆ ನನಗೆ ಇಷ್ಟು ಬೇಸರವಾಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಉಸ್ತಾದರು ಪ್ಲಾಸ್ಟಿಕ್ ಪೈಪು ಹಾಕುವುದನ್ನು ಬಿಟ್ಟರು, ಹೀಟರ್ ಬಂದ್ ಮಾಡುವುದನ್ನು ಬಿಡಲಿಲ್ಲ. ಈಗ ಒಳ್ಳೆಯ ರಬ್ಬರಿನಲ್ಲಿ ಬಂದ್ ಮಾಡುತ್ತಾರೆ. ಇದನ್ನೇ ನಮ್ಮ ಕಡೆ ಸುಧಾರಣೆ ಎನ್ನುತ್ತಾರೆ.

ಇನ್ನು ವಂದನಾರ್ಪಣೆ. ಸಾವಕಾರರು ಶಾಲು ಹೊದ್ದು, ಹಾರ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಪ್ರಾಚಾರ್ಯರಿಗೆ, ಶಾಮಿಯಾನದವರಿಗೆ, ಮೈಕಿನವರಿಗೆ ಎಲ್ಲರಿಗೂ ವಂದಿಸಿದೆ. ಮುಖ್ಯ ಅತಿಥಿಗಳು ಲಕ್ಷ್ಯದ ಬಗ್ಗೆ ಆಡಿದ ಮಾತಿಗೂ ವಂದಿಸಿದೆ. ಆಮೇಲೆ ಅವರ ಕಡೆ ತಿರುಗಿದೆ. ಮುಂದಿನ ಸಾಲಿನಲ್ಲಿ ನಾಳೆ ಯಾರದೋ ಗಾಡಿಯ ಹೊಣೆ ಹೊರುವವರು ಕೂತಿದ್ದರು, ಅವರಿಗೂ ಕೇಳಿಸಬೇಕಲ್ಲ. ಮೈಕನ್ನು ಬಾಯಿಂದ ದೂರ ಸರಿಸದೆಯೇ ಕೇಳಿದೆ:

"ಸಾವಕಾರರ, ಅವತ್ತ ಸಂತಪುರ ದಾಟಾಗ ಮಾಣಿಕ 'ಗಾಡಿ ನಿಲ್ಸಲೇನ್ರಿ' ಅಂತ ನಿಮಗ ಕೇಳಿದ್ನೋ, ಇಲ್ಲೋ?"